ಒಂಬತ್ತು ಗಂಟೆಯ ಲಾಗಿನ್

ಬಸವೇಶ್ವರನಗರದ ಆ ಮನೆಯಲ್ಲಿ ಬೆಳಿಗ್ಗೆ ಎಂಟೂವರೆಗೆ ಕಂಪ್ಯೂಟರ್ ಆನ್ ಆಗುತ್ತಿತ್ತು, ಎರಡು ದಿನದಿಂದ ಎಂಟೂ ಮೂವತ್ತೈದಕ್ಕೆ ರಮ್ಯಶ್ರೀಯ ತಲೆ ಬಿಸಿಯಾಗುತ್ತಿತ್ತು. ಪರದೆಯ ನಡುವೆ ಪುಟ್ಟ ಚಕ್ರವೊಂದು ಸುತ್ತುತ್ತಲೇ ಇರುತ್ತಿತ್ತು. ಹತ್ತು ಗಂಟೆ ಹೊಡೆಯಿತೋ, ಅದೇ ಇಂಟರ್ನೆಟ್ಟು ಏನೂ ಅರಿಯದ ಕೂಸಿನ ಹಾಗೆ ಸರಾಗವಾಗಿ ಓಡುತ್ತಿತ್ತು. ಸಿಟ್ಟು ಬರದೆ ಇನ್ನೇನು ಬರಬೇಕು?

ಆನ್‌ಲೈನಿನಲ್ಲಿ ಸೀರೆ ಮಾರುವ ಕಂಪನಿಯೊಂದಕ್ಕೆ ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಫೋಟೋದಲ್ಲಿ ಕಂಡ ಬಣ್ಣವೇ ಬೇರೆ, ಬಂದ ಬಣ್ಣವೇ ಬೇರೆ ಎಂದು ಕೂಗಾಡುವವರಿಗೆಲ್ಲ ಸಮಾಧಾನ ಹೇಳುವ ಕೆಲಸ. ಒಂಬತ್ತಕ್ಕೆ ಸರಿಯಾಗಿ ಲಾಗಿನ್ ಆಗಬೇಕು. ಮಂಗಳವಾರ ತಡವಾಯಿತು, ಬುಧವಾರವೂ ತಡವಾಯಿತು. ಬುಧವಾರ ಸಂಜೆ ಮೇಲಧಿಕಾರಿ ಸೌಮ್ಯಶ್ರೀ ಫೋನ್ ಮಾಡಿ ಮೆಲ್ಲಗೇ ಹೇಳಿದ್ದರು: "ನೋಡಿ ರಮ್ಯಾ, ನಾಳೆನೂ ಲೇಟ್ ಆದ್ರೆ ಸೋಮವಾರದಿಂದ ಆಫೀಸಿಗೇ ಬರ್ಬೇಕಾಗುತ್ತೆ. ನನ್ ಕೈಲಿ ಏನೂ ಇಲ್ಲ."

ಆಫೀಸು ಇರುವುದು ಊರಿನ ಇನ್ನೊಂದು ತುದಿಯ ಮಾರತ್ತಹಳ್ಳಿಯಲ್ಲಿ. ಹನ್ನೊಂದು ತಿಂಗಳ ಮಗಳು ಅನು ಏಳುವ ಮೊದಲೇ ಮನೆ ಬಿಟ್ಟು, ಅವಳು ಮಲಗಿದ ಮೇಲೆ ಮನೆ ಸೇರಬೇಕು. ಅದಕ್ಕಿಂತ ಕೆಲಸ ಬಿಡುವುದೇ ವಾಸಿ ಅನ್ನಿಸಿತ್ತು. ಆದರೆ ಕೆಲಸವೆಂದರೆ ಅವಳಿಗೆ ಇಷ್ಟ, ಬಿಡಲು ಮನಸ್ಸಿರಲಿಲ್ಲ. ಬಾತ್‌ರೂಮಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಒಂದಿಷ್ಟು ಅತ್ತಿದ್ದಳು.

ಇಂಟರ್ನೆಟ್ ಹಾಕಿಕೊಟ್ಟ ಮಹದೇವ್ ಎರಡು ದಿನವೂ ಬಂದು ನೋಡಿದ್ದ. ಅವನಿಗೆ ಪುರುಸೊತ್ತಾಗುವುದು ಹನ್ನೊಂದಕ್ಕೆ, ಅಷ್ಟು ಹೊತ್ತಿಗೆ ಎಲ್ಲವೂ ಚೆನ್ನಾಗಿ ಓಡುತ್ತಿತ್ತು. "ಲೈನ್ ಪಕ್ಕಾ ಇದೆ ಮೇಡಂ" ಎಂದು ಸ್ಪೀಡ್ ತೋರಿಸಿ, ಕಾಫಿ ಕುಡಿದು ಹೋಗಿದ್ದ. ಮಾವ ಕೆಂಚಪ್ಪನವರಂತೂ ಆಯುಧಪೂಜೆಗೆ ಇಟ್ಟ ಕುಂಕುಮ ಅಳಿಸಿಹೋಗಿದೆಯೆಂದು ರೂಟರಿಗೆ ಹೊಸದಾಗಿ ಕುಂಕುಮ ಹಚ್ಚಿದ್ದರು.

ಗುರುವಾರ ಬೆಳಿಗ್ಗೆ ಗಂಡ ಗೌತಮ್ ಕೆಲಸಕ್ಕೆ ಹೊರಟಿದ್ದೇ ತಡ, ರಮ್ಯಶ್ರೀ ಎಂಟಕ್ಕೇ ಮಹದೇವ್‌ಗೆ ಫೋನ್ ಹಚ್ಚಿದಳು.

"ಕಂಪ್ಯೂಟರ್ ಮುಟ್ಬೇಡಿ ಮೇಡಂ. ಮೊದ್ಲು ಮೊಬೈಲ್‌ನಲ್ಲಿ ವೈಫೈ ಸ್ಪೀಡ್ ನೋಡಿ" ಎಂದ.

ನೋಡಿದಳು. ಚೆನ್ನಾಗಿತ್ತು.

"ಈಗ ಕಂಪ್ಯೂಟರ್ ಆನ್ ಮಾಡಿ, ಐದ್ ನಿಮಿಷ ಬಿಟ್ಟು ಮತ್ತೆ ಮೊಬೈಲ್‌ನಲ್ಲೇ ನೋಡಿ."

ಐದು ನಿಮಿಷ ಕಳೆಯುವುದರೊಳಗೆ ಮೊಬೈಲೂ ಮಂಕಾಯಿತು.

"ಹಂಗಾದ್ರೆ ನಿಮ್ ಕಂಪ್ಯೂಟರೇ ತಿಂತಾ ಇದೆ. ಯಾವ್ ಪ್ರೋಗ್ರಾಂ ಎಷ್ಟ್ ನೆಟ್ ಎಳೀತಿದೆ ಅಂತ ಟಾಸ್ಕ್ ಮ್ಯಾನೇಜರ್‌ನಲ್ಲಿ ಕಾಣ್ಸುತ್ತೆ, ನೋಡಿ" ಎಂದ ಮಹದೇವ್. ಎರಡು ದಿನ ಕಳ್ಳನಂತೆ ನೋಡಿಸಿಕೊಂಡವನಿಗೆ ಈಗ ದನಿಯೇ ಬದಲಾಗಿತ್ತು.

ಪಟ್ಟಿಯ ಮೊದಲಿಗೇ ಬ್ಯಾಕಪ್ ಪ್ರೋಗ್ರಾಂ ಕೂತಿತ್ತು. ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದನ್ನೆಲ್ಲ ಒಂದೂ ಬಿಡದೆ ಇಂಟರ್ನೆಟ್ಟಿಗೆ ಸಾಗಿಸುವುದು ಅದರ ಕೆಲಸ. ಕಂಪ್ಯೂಟರ್ ಎದ್ದ ಕೂಡಲೇ ಅದೂ ಎದ್ದು ಶುರು ಮಾಡಿ, ಹತ್ತರ ಹೊತ್ತಿಗೆ ಮುಗಿಸುತ್ತಿತ್ತು. ಈಗ ಅದು ಸಾಗಿಸುತ್ತಿದ್ದದ್ದು 'ಪಾಪು' ಎಂಬ ಫೋಲ್ಡರಿನಲ್ಲಿದ್ದ ಐವತ್ತು ನಿಮಿಷದ ವಿಡಿಯೋ.

"ಮಾವಾ!" ಎಂದು ಕೂಗಿದಳು. ಗಂಟೆ ಎಂಟೂ ನಲವತ್ತು.

ಕೆಂಚಪ್ಪನವರು ಮೊಮ್ಮಗಳನ್ನು ಎತ್ತಿಕೊಂಡೇ ಬಂದರು. "ಅದು ನಂದೇ ಕಣಮ್ಮ. ಸೋಮವಾರ್ದಿಂದ ದಿನಾ ಪಾಪು ಆಟ ಹಿಡಿತೀನಿ. ಸಂಜೆ ನಿನ್ ಕೆಲ್ಸ ಮುಗುದ್ಮೇಲೆ ವಯರ್ ಹಾಕಿ ಇದಕ್ಕೆ ತುಂಬ್ಸಿ, ಸ್ವಿಚ್ ಆಫ್ ಮಾಡ್ತೀನಿ. ಗೌತಮ್ ಹೇಳ್ಕೊಟ್ಟ."

"ಐವತ್ತು ನಿಮಿಷ ಏನ್ ಮಾವ ಹಿಡಿದ್ರಿ?"

"ಎರಡೇ ನಿಮಿಷ ಹಿಡ್ದು ಜೇಬಿಗೆ ಹಾಕ್ಕಂಡೆನಲ್ಲ!"

ರಮ್ಯಶ್ರೀ ತೆರೆದು ನೋಡಿದಳು. ಎರಡು ನಿಮಿಷ ಅನು ಚಪ್ಪಾಳೆ ತಟ್ಟಿದಳು. ಆಮೇಲೆ ನಲವತ್ತೆಂಟು ನಿಮಿಷ ಅಂಗಿಯ ಜೇಬಿನ ಕತ್ತಲು. ಮಾವನಿಗೆ ಕ್ಯಾಮೆರಾ ಶುರು ಮಾಡುವುದು ಗೊತ್ತಿತ್ತು, ನಿಲ್ಲಿಸಬೇಕೆಂಬುದೇ ಗೊತ್ತಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದವಳಿಗೆ ಆ ಕತ್ತಲೊಳಗಿಂದ ಮಾವನ ಪಿಸುದನಿ ಕೇಳಿಸಿತು.

"ಸದ್ದು ಮಾಡ್ಬಾರ್ದು ಕಣವ್ವ. ನಿಮ್ಮಮ್ಮ ಒಳಗೆ ಕೆಲ್ಸ ಮಾಡ್ತಾವ್ಳೆ. ನೀನು ಆಡೋದ ನೋಡಕ್ಕೆ ಅವಳಿಗೆ ಪುರುಸೊತ್ತಿಲ್ಲ. ಅದಕ್ಕೇ ತಾತ ಹಿಡಿತಾವ್ನೆ. ಭಾನುವಾರ ತೋರ್ಸವಾ, ಆಯ್ತಾ?"

ಬೈಗುಳ ನುಂಗಿಕೊಂಡು, ಈ ವಿಡಿಯೋ ಸಾಗಿಸುವುದಕ್ಕೇ ನೆಟ್ಟೆಲ್ಲ ಖರ್ಚಾಗುತ್ತಿದೆಯೆಂದು ಮೆಲ್ಲಗೆ ಹೇಳಿದಳು. ಕೆಂಚಪ್ಪನವರಿಗೆ ವಿಷಯ ಅರ್ಥವಾಗಿ ಮುಖ ಚಿಕ್ಕದಾಯಿತು. "ನನ್ನಿಂದ ನಿನ್ ಕೆಲ್ಸಕ್ಕೆ ಕಲ್ಲು ಬಿತ್ತಾ? ಎಲ್ಲಾ ಅಳಿಸ್ಬುಡಮ್ಮ."

"ಅಳ್ಸೋದೇನೂ ಬೇಡ ಮಾವ."

ಮಹದೇವ್ ಫೋನಿನಲ್ಲಿ ಇನ್ನೂ ಕಾಯುತ್ತಿದ್ದ. ಅವನು ಹೇಳಿದಂತೆ ಬ್ಯಾಕಪ್ಪನ್ನು ನಿಲ್ಲಿಸಿದಳು, ಕಂಪ್ಯೂಟರ್ ಎದ್ದಾಗ ತಾನಾಗಿ ಏಳುವ ಪಟ್ಟಿಯಿಂದಲೂ ಅದನ್ನು ತೆಗೆದಳು. ಸಂಜೆ ಕೆಲಸ ಮುಗಿದ ಮೇಲೆ ತಾನೇ ಚಾಲೂ ಮಾಡಿದರಾಯಿತು. ಚಕ್ರ ಎರಡು ಸುತ್ತು ಸುತ್ತಿ ಮಾಯವಾಯಿತು. ಎಂಟೂ ಐವತ್ತಾರಕ್ಕೆ ಲಾಗಿನ್ ಆಯಿತು. "ಗುಡ್ ರಮ್ಯಾ, ಇನ್ಮೇಲೆ ಹಿಂಗೇ ಇರ್ಲಿ" ಎಂದು ಸೌಮ್ಯಶ್ರೀಯ ಮೆಸೇಜು ಬಂತು. ಹಸಿರು ಸೀರೆ ಕೇಳಿದರೆ ನೀಲಿ ಕಳಿಸಿದ್ದೀರೆಂದು ಬೈದ ಮೊದಲ ಗಿರಾಕಿಯ ಜೊತೆ ಅವಳು ಆ ದಿನ ಎಷ್ಟು ಅಕ್ಕರೆಯಿಂದ ಮಾತಾಡಿದಳೆಂದರೆ, ಆಕೆ ಕೊನೆಗೆ ನೀಲಿಯನ್ನೇ ಇಟ್ಟುಕೊಂಡಳು.

ಮಧ್ಯಾಹ್ನ ಊಟಕ್ಕೆ ಎದ್ದವಳು ಮೊದಲು ಮಾವನಿಗೆ ಕೆಂಪು ಬಟನ್ ತೋರಿಸಿದಳು. "ಒಂದ್ ಸಲ ಒತ್ತಿದ್ರೆ ಶುರು, ಇನ್ನೊಂದ್ ಸಲ ಒತ್ತಿದ್ರೆ ನಿಲ್ಲುತ್ತೆ."

ಕೆಂಚಪ್ಪನವರು ಪಾಠವನ್ನು ತಕ್ಷಣ ಪರೀಕ್ಷಿಸಿದರು. ನೆಲದ ಮೇಲೆ ಕೂತ ಅಮ್ಮನ ಎದುರಿಗೆ ಅನು ಸೋಫಾ ಹಿಡಿದು ನಿಂತಿದ್ದಳು. ಒತ್ತಿದರು. ಅನು ತಾಯಿಯನ್ನು ನೋಡಿ ನಕ್ಕಳು. ಇಷ್ಟು ಸಾಕೆಂದು ಮತ್ತೆ ಒತ್ತಿ, ಫೋನನ್ನು ಜಂಬದಿಂದ ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಅನು ಸೋಫಾ ಬಿಟ್ಟಳು. ಒಂದು ಹೆಜ್ಜೆ, ಎರಡು, ಮೂರನೆಯದಕ್ಕೆ ವಾಲಿ ಅಮ್ಮನ ಮಡಿಲಿಗೆ ಬಿದ್ದಳು. ಅನು ಹುಟ್ಟಿದ ಮೇಲೆ ನಡೆದದ್ದು ಅದೇ ಮೊದಲು.

"ಅಯ್ಯೋ, ಆಫ್ ಮಾಡ್ಬುಟ್ನಲ್ಲಮ್ಮ!" ಎಂದು ಕೆಂಚಪ್ಪನವರು ಹಣೆ ಚಚ್ಚಿಕೊಂಡರು.

ರಮ್ಯಶ್ರೀ ಮಗಳನ್ನು ಎದೆಗೊತ್ತಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು.

"ಬಿಡಿ ಮಾವ" ಎಂದಳು. "ನಾನು ಇಲ್ಲೇ ಇದ್ನಲ್ಲ."