ಬೇಡ ಅಂದವಳು

ಭಾವನ ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಬಾಮೈದನಿಗೆ, ಭಾವ ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದೂ ಕೆಲಸವೇ ಆಗಿಹೋಗಿತ್ತು. ರಜೆ ಸಿಕ್ಕಿ ಇಬ್ಬರೂ ಬೆಟ್ಟ ಹತ್ತಲು ಹೊರಟರೆ, ಹೊರೆ ಅವನದು, ದಾರಿ ಭಾವನದು.

ಬೆಟ್ಟದ ಬುಡದಲ್ಲಿ ಅವರಿಗೆ ಕೋಣೆ ಕೊಟ್ಟಿದ್ದ ಕುರಿ ಸಾಕುವ ಹೆಂಗಸು ಬೆಳಿಗ್ಗೆಯೇ ಹೇಳಿದ್ದಳು: "ದಾರೀಲಿ ದಾಟೋ ಹೊಳೆ ಈಗ ಮೊಣಕಾಲುದ್ದ. ಬಿಸಿಲೇರಿದ ಮೇಲೆ ಬೆಟ್ಟದ ತುದೀಲಿರೋ ಹಿಮ ಕರಗಿ ಹೊಳೆ ಉಕ್ಕುತ್ತೆ. ವಾಪಸ್ ಬರೋವಾಗ ಎರಡು ಗಂಟೆ ದಾಟಿದ್ರೆ ನೀರಿಗಿಳೀಬೇಡಿ. ಆಚೆ ನನ್ನ ತಮ್ಮನ ಗುಡಿಸಲಿದೆ, ಅಲ್ಲೇ ಉಳ್ಕೊಳ್ಳಿ."

"ನೋಡಿದ್ಯಾ? ಅಕ್ಕನ ಮನೇಲಿ ಒಂದಿನ, ತಮ್ಮನ ಮನೇಲಿ ಒಂದಿನ. ಚೆನ್ನಾಗಿ ಬೋಳಿಸ್ತಾರೆ," ಎಂದು ಭಾವ ಕಣ್ಣು ಹೊಡೆದ.

ಬಾಮೈದನಿಗೆ ಅವಳ ಮುಖದಲ್ಲಿ ವ್ಯಾಪಾರ ಕಾಣಿಸಲಿಲ್ಲ. ಆದರೂ ನಕ್ಕ.

ಅವರು ಇಳಿದು ಬಂದಾಗ ನಾಲ್ಕು ಗಂಟೆ. ಹೊಳೆ ಬೂದಿ ಬಣ್ಣಕ್ಕೆ ತಿರುಗಿತ್ತು. ಒಳಗೆ ಕಲ್ಲುಗಳು ಉರುಳುವ ಸದ್ದು.

"ಭಾವ, ಗುಡಿಸಲಿಗೇ ಹೋಗೋಣ. ಆಯಮ್ಮ ಹೇಳಿದ್ದು ನಿಜ."

"ಕುರಿಯಮ್ಮನ ಮಾತೇ ಹೆಚ್ಚಾಯ್ತಾ ನಿಂಗೆ? ನಾಳೆ ಪ್ರೆಸ್ ಬಾಗಿಲು ನಿಮ್ಮಪ್ಪ ತೆಗೀತಾನಾ? ಇಳಿ. ನೀನು ಆಚೆ ಮುಟ್ಟು, ಆಮೇಲೆ ನಾನು ಬರ್ತೀನಿ."

ಇಳಿದ. ಆರನೆಯ ಹೆಜ್ಜೆಗೆ ನೀರು ಸೊಂಟ ಹಿಡಿಯಿತು. ಉರುಳಿಬಂದ ಬಂಡೆಯೊಂದು ಅವನ ಕಾಲನ್ನು ಇನ್ನೊಂದು ಬಂಡೆಗೆ ಒತ್ತಿ ಜಜ್ಜಿತು. ಅರಚಾಟ ಕೇಳಿ ಓಡಿಬಂದ ಕುರಿಯವಳು ಮರಕ್ಕೆ ಹಗ್ಗ ಬಿಗಿದು, ಸೊಂಟಕ್ಕೆ ಸುತ್ತಿಕೊಂಡು, ಎದೆಮಟ್ಟದ ನೀರಿನಿಂದ ಅವನನ್ನು ತನ್ನ ದಡಕ್ಕೆ ಎಳೆದು ತಂದಳು. ಭಾವ ಆಚೆ ದಡದಲ್ಲೇ ನಿಂತಿದ್ದ. ಆ ರಾತ್ರಿ ಗುಡಿಸಲಿನಲ್ಲಿ ಬೆಚ್ಚಗೆ ಮಲಗಿ, ಬೆಳಿಗ್ಗೆ ನೀರಿಳಿದ ಮೇಲೆ ದಾಟಿ ಬಂದ.

ಬಾಮೈದನಿಗೆ ಆ ಕಾಲಿನ ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಅಕ್ಕ ಎದೆ ಬಡಿದುಕೊಂಡಳು. ಭಾವ ನಿಟ್ಟುಸಿರು ಬಿಟ್ಟ. "ಯಾವಾಗ ಬೇಕಾದ್ರೂ ದಾಟಿ, ಏನೂ ಆಗಲ್ಲ ಅಂದ್ಳು ಕಣೇ ಆ ಹೆಂಗಸು. ಅಲ್ಲಿಯವಳಲ್ವಾ, ನಂಬಿಬಿಟ್ವಿ."

"ಹೌದೇನೋ?" ಅಕ್ಕ ತಮ್ಮನತ್ತ ತಿರುಗಿದಳು.

ಭಾವ ಅವನ ದಿಂಬು ಸರಿಮಾಡುತ್ತಿದ್ದ. ಇನ್ನು ತನ್ನಂಥ ಕುಂಟನಿಗೆ ಬೇರೆ ಯಾರು ಕೆಲಸ ಕೊಟ್ಟಾರು?

"ಹೂಂ ಅಕ್ಕ."

ಮೂರನೆಯ ದಿನ ಕುರಿಯವಳು ಅವನು ಕೋಣೆಯಲ್ಲಿ ಬಿಟ್ಟಿದ್ದ ಬಟ್ಟೆಗಳನ್ನು ಒಗೆದು, ಮಡಚಿ, ವಾರ್ಡಿಗೆ ತಂದಳು.

"ನನ್ನ ತಮ್ಮನ ಕಾಲು ನುಂಗಿದವಳೇ, ನಿನ್ನ ಬಾಯಿಗೆ ಮಣ್ಣು ಬೀಳ!" ಅಕ್ಕ ಗಂಟನ್ನು ಕಿತ್ತೆಸೆದಳು.

"ನಾನು ಬೇಡ ಅಂದಿದ್ದೆ ತಾಯಿ," ಎಂದಳು ಅವಳು, ದಂಗಾಗಿ. "ಅವನನ್ನೇ ಕೇಳಿ."

ಅವನು ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡ.

"ಪಾಪ, ಈಗ ತಾನೇ ನಿದ್ದೆ ಹತ್ತಿದೆ," ಎಂದು ಭಾವ ಅವಳನ್ನು ಹೊರಗೆ ದಬ್ಬಿ ಬಾಗಿಲೆಳೆದ.