ಡುಮ್ಮನ ಕೆಮ್ಮು

ಕತ್ತರಿ ಅಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ನಾಯಿಗಳಿಗೆ ಸ್ನಾನ ಮಾಡಿಸಿ, ಕೂದಲು ಕತ್ತರಿಸಿ, ಉಗುರು ತೆಗೆದು ಕಳಿಸುವ ಹೆಂಗಸು; ಆ ಅಡ್ಡಹೆಸರು ಬೀದಿಯವರೇ ಇಟ್ಟದ್ದು. ಕೆಳಗೆ ಅಂಗಡಿ, ಮೇಲೆ ಮನೆ. ಗಂಡ ಹಡಗಿನ ಕೆಲಸದವನು, ಬರುವುದೇ ಅಪರೂಪ. ಹಾಗಾಗಿ ಮನೆಯಲ್ಲಿ ಅವಳು, ಅತ್ತೆ, ಮತ್ತೆ ಡುಮ್ಮ. ಡುಮ್ಮನೆಂದರೆ ಚಪ್ಪಟೆ ಮೂಗಿನ, ಗರಗಸ ಎಳೆದಂತೆ ಗೊರಕೆ ಹೊಡೆಯುವ ಮುದಿ ನಾಯಿ. ಹೋದ ವರ್ಷ ನ್ಯುಮೋನಿಯಾ ಬಂದು ಸತ್ತು ಬದುಕಿದ್ದ.

ಈ ಸಲ ಊರಿಗೆಲ್ಲ ನಾಯಿ ಫ್ಲೂ ಬಂತು. ಒಂದು ನಾಯಿ ಕೆಮ್ಮಿದರೆ ಪಕ್ಕದ ನಾಯಿಗೆ. ಅದರ ಮೈ ಸವರಿದವರ ಕೈಯಿಂದ, ಬಟ್ಟೆಯಿಂದ ಮತ್ತೊಂದಕ್ಕೆ. ನಾಯಿ ಡಾಕ್ಟರು ಡುಮ್ಮನಿಗೆ ಮೊದಲ ಇಂಜೆಕ್ಷನ್ ಕೊಟ್ಟು ಹೇಳಿದ್ದರು: “ಎರಡನೇದು ಆಗೋವರೆಗೂ ತುಂಬಾ ಹುಷಾರು. ಇವನ ಎದೆಗೆ ಇದು ಹೊಕ್ಕರೆ ನನ್ನ ಕೈಲೂ ಏನೂ ಆಗಲ್ಲ.”

ಕತ್ತರಿಗೆ ಜೀವ ಬಾಯಿಗೆ ಬಂತು. ದಿನವೆಲ್ಲ ಊರ ನಾಯಿಗಳ ಮೈ ತಿಕ್ಕುವ ಕೈ ಅವಳದು! ‘ಕೆಮ್ಮುವ ನಾಯಿಗೆ ಸ್ನಾನವಿಲ್ಲ’ ಎಂದು ಬಾಗಿಲಿಗೆ ಬೋರ್ಡು ತೂಗುಹಾಕಿದಳು. ಜನ ಬಿಡಬೇಕಲ್ಲ?

“ಅದು ಕೆಮ್ಮಲ್ಲ ಅಕ್ಕ, ನಗ್ತಿರೋದು,” ಅಂದ ಒಬ್ಬ ಮಹಾರಾಯ.

“ಹಾಗಾದ್ರೆ ಮನೇಲೇ ನಗಿಸಿ,” ಎಂದು ಬಾಗಿಲು ಹಾಕಿದಳು.

ಒಂದೊಂದು ನಾಯಿ ಹೋದ ಮೇಲೂ ತೊಟ್ಟಿ, ಬಾಚಣಿಗೆ, ಮೇಜು ಎಲ್ಲವನ್ನೂ ಬ್ಲೀಚ್ ನೀರಲ್ಲಿ ತೊಳೆದಳು. ಸಂಜೆ ಕೆಳಗೇ ಮಿಂದು, ಬಟ್ಟೆ ಬದಲಿಸಿಯೇ ಮೆಟ್ಟಿಲು ಹತ್ತುವಳು. ಅಷ್ಟಾದರೂ ಧೈರ್ಯ ಸಾಲದು. ಹೊಸಿಲಲ್ಲೇ ನಿಂತು, “ಹೇಗಿದ್ದೀಯೋ ರಾಜಾ?” ಅನ್ನುವಳು. ರಾಜ ಬಾಲ ಆಡಿಸಿ, ಕಾದು ಕಾದು, ಕೊನೆಗೆ ಮುಖ ಊದಿಸಿಕೊಂಡು ಮಲಗುವನು. ಪಾಪ, ಅವನಿಗೇನು ಗೊತ್ತು ಫ್ಲೂ!

ಹಗಲು ಕಾವಲಿಗೆ ಅತ್ತೆ. “ಒಂದ್ಸಲ ಕೆಮ್ಮಿದ್ರೂ ತಟ್ಟೆ ಬಡೀರಿ ಅತ್ತೆ, ಓಡಿ ಬರ್ತೀನಿ.”

“ನಾನು ಚಳಿಗಾಲವೆಲ್ಲ ಕೆಮ್ಮಿದೆ. ಆಗ ಯಾರು ತಟ್ಟೆ ಬಡಿದ್ರಮ್ಮಾ?” ಅಂದರು ಅತ್ತೆ. ಹಾಗಂದರೂ ತಟ್ಟೆ, ಸೌಟು ಎರಡನ್ನೂ ಮಡಿಲಲ್ಲಿಟ್ಟುಕೊಂಡೇ ಕೂತರು.

ಒಂದು ಬೆಳಿಗ್ಗೆ ಡುಮ್ಮನಿಗೆ ನೀರು ನೆತ್ತಿಗೆ ಹತ್ತಿತು. ಖೊಕ್! ಢಣ್ ಢಣ್ ಢಣ್! ಅರ್ಧ ಮೀಸೆ ಕತ್ತರಿಸಿದ್ದ ನಾಯಿಯನ್ನು ಅದರ ಯಜಮಾನನ ತೋಳಿಗೆ ತುರುಕಿ, ಕೈ ತೊಳೆದು, ಬೇರೆ ಅಂಗಿಯನ್ನು ಹಿಂದುಮುಂದಾಗಿ ತೊಟ್ಟು, ಎದ್ದೆನೋ ಬಿದ್ದೆನೋ ಎಂದು ಕತ್ತರಿ ಮೇಲೆ ಓಡಿದಳು. ಡುಮ್ಮನ ಎದೆಗೆ ಕಿವಿಯಿಟ್ಟಳು. “ಏನಾಯ್ತೋ ನನ್ನ ಚಿನ್ನ?” ಎಂದು ಬೆನ್ನು ಸವರಿದಳು. ಜ್ವರವಿಲ್ಲ, ಏನಿಲ್ಲ. ಕೆಳಗಿಳಿದು ಹೋದಳು.

ಮಾರನೆಯ ದಿನ ಮತ್ತೆ ಖೊಕ್. ಆಮೇಲಂತೂ ಕೆಳಗೆ ಕೂದಲು ಒಣಗಿಸುವ ಯಂತ್ರದ ಸದ್ದು ನಿಂತರೆ ಸಾಕು, ಮೇಲೆ ಖೊಕ್ ಖೊಕ್, ಢಣ್ ಢಣ್! ಬೀದಿಯಲ್ಲಿ ಅರ್ಧ ಮೀಸೆಯ ನಾಯಿಗಳು ಹೆಚ್ಚಾದವು.

ಕೊನೆಗೆ ಕತ್ತರಿ ಅತ್ತೇಬಿಟ್ಟಳು. “ನನ್ನ ಕೈಯಿಂದಲೇ ಬಂತು ಅತ್ತೆ. ಸಾಕಿದ ಕೈಯೇ ಇವನನ್ನ ಕೊಲ್ತಿದೆ.”

“ಬಿಡ್ತು ಅನ್ನು! ನಡಿ ಡಾಕ್ಟರ ಹತ್ರ,” ಎಂದು ಅತ್ತೆ ಚಪ್ಪಲಿ ಮೆಟ್ಟಿದರು.

ಕೆಮ್ಮುವ ನಾಯಿಗಳನ್ನು ಆಸ್ಪತ್ರೆಯೊಳಗೆ ಬಿಡುತ್ತಿರಲಿಲ್ಲ. ಡಾಕ್ಟರೇ ಮಾಸ್ಕ್ ಹಾಕಿಕೊಂಡು ಅಂಗಳಕ್ಕೆ ಬಂದರು. ಜ್ವರ ನೋಡಿದರು, ಎದೆ ಕೇಳಿದರು, ಗಂಟಲು ಒತ್ತಿದರು.

“ಊಟ ಮಾಡ್ತಾನಾ?”

“ನನ್ನ ಪಾಲೂ ಸೇರಿಸಿ ತಿಂತಾನೆ,” ಅಂದರು ಅತ್ತೆ.

“ನೀವು ಪಕ್ಕದಲ್ಲಿದ್ದಾಗ ಕೆಮ್ಮು ಬರುತ್ತಾ?” ಎಂದು ಡಾಕ್ಟರು ಕತ್ತರಿಯನ್ನು ಕೇಳಿದರು.

ಅವಳು ಯೋಚಿಸಿದಳು. “ಇಲ್ಲ. ನಾನು ಹೋದ ಮೇಲೇನೇ.”

“ಸ್ವಲ್ಪ ಆ ಗೇಟಿನವರೆಗೂ ಹೋಗಿ.”

ಹೋದಳು. ಖೊಕ್ ಖೊಕ್! ಓಡಿ ಬಂದಳು. ಡುಮ್ಮ ಗಪ್‌ಚಿಪ್, ಬಾಲ ಮಾತ್ರ ಗಿರಗಿರ. ಮತ್ತೆ ಗೇಟಿಗೆ ಹೋದಳು. ಖೊಕ್! ಈ ಸಲ ಕಳ್ಳನ ಒಂದು ಕಣ್ಣು ಗೇಟಿನ ಮೇಲೇ ಇತ್ತು.

ಅತ್ತೆ ಹೊಟ್ಟೆ ಹಿಡಿದು ನಕ್ಕರು. “ಅಯ್ಯೋ ಕಳ್ಳ ನನ್ನ ಮಗನೇ! ನಮಗೆಲ್ಲ ಚಳ್ಳೆಹಣ್ಣು ತಿನ್ನಿಸಿದೆಯಲ್ಲೋ! ಅಳೋ ಮಗೂಗೇ ಹಾಲು ಅಂತ ನಿಂಗೆ ಯಾರೋ ಹೇಳಿಕೊಟ್ಟೋರು?”

“ಫ್ಲೂ ಗೀಲೂ ಏನಿಲ್ಲ,” ಎಂದ ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. “ಕೆಮ್ಮಿದ್ರೆ ನೀವು ಬಂದು ಮುಟ್ತೀರಿ, ಅದನ್ನ ಕಲಿತಿದ್ದಾನೆ. ಮಿಂದು ಬಟ್ಟೆ ಬದಲಿಸಿದ ಮೇಲೆ ಎತ್ಕೊಳ್ಳಿ ಅಂತ ನಾನು ಹೇಳಿರಲಿಲ್ವಾ?”

“ಹೇಳಿದ್ರಿ. ಭಯ ಬಿಡಲಿಲ್ಲ,” ಎಂದು ಕತ್ತರಿ ಜಲ್ಲಿಯ ಮೇಲೇ ಕೂತು ಡುಮ್ಮನನ್ನು ಬಾಚಿ ಅಪ್ಪಿಕೊಂಡಳು. ನಗುತ್ತಲೇ ಅತ್ತಳು, ಅಳುತ್ತಲೇ ನಕ್ಕಳು. ಎರಡನೆಯ ಇಂಜೆಕ್ಷನ್ನಿನ ದಿನವೂ ಬಂದಿತ್ತಲ್ಲ, ಡಾಕ್ಟರು ಅದನ್ನೂ ಕೊಟ್ಟು, ಮದ್ದು ಮೈಗೆ ಹತ್ತುವವರೆಗೆ ಇನ್ನೂ ಕೆಲವು ದಿನ ಹುಷಾರು ಎಂದರು.

ಅಂದು ಸಂಜೆ ಮಿಂದು ಬಂದ ಕತ್ತರಿಯ ತೊಡೆಯ ಮೇಲೆ ಡುಮ್ಮ ಗೊರಕೆ ಹೊಡೆಯುತ್ತಿದ್ದ. ಅಡಿಗೆಮನೆಯಿಂದ ಸದ್ದು ಬಂತು. ಖೊಕ್ ಖೊಕ್. ಢಣ್ ಢಣ್!

ಕತ್ತರಿ ದಡಬಡಿಸಿ ಓಡಿದಳು. ಅತ್ತೆ ಸೌಟು ಹಿಡಿದು ಕೂತಿದ್ದರು.

“ಏನಿಲ್ಲ. ಬರ್ತೀಯೋ ಇಲ್ವೋ ನೋಡೋಣ ಅಂತ.”

ಕತ್ತರಿ ಮಂಡಿಯೂರಿ, ಅತ್ತೆಯ ಎದೆಗೆ ಕಿವಿಯಿಟ್ಟು, ಬೆನ್ನು ಸವರುತ್ತ ಕೇಳಿದಳು, “ಏನಾಯ್ತು ನನ್ನ ಚಿನ್ನ?”

“ಥೂ, ಬಿಡೇ,” ಅಂದರು ಅತ್ತೆ. ಬಿಡಿಸಿಕೊಳ್ಳಲಿಲ್ಲ.