ಕೇಳಿದ್ದು ಮುಗಿದ ಮೇಲೆ

ಈ ಮನೆ ಬಿಟ್ಟು ಮುಂದಿನ ಮನೆಗೆ ಹೋದರೆ ಯಾರಿಗೆ ಗೊತ್ತಾಗುತ್ತದೆ? ಸಮೀಕ್ಷೆಗೆ ನಾಲ್ಕು ಮನೆ ಬಿಟ್ಟು ಐದನೆಯದು ಎನ್ನುವುದು ಪ್ರೊಫೆಸರರ ಕಟ್ಟಪ್ಪಣೆ. ಆ ಐದನೆಯದು ಬಕಾಂಗ್‌ನ ಮನೆಯೇ ಆಗಿರಬೇಕಿತ್ತೇ? ಬೀಗ ಹಾಕಿತ್ತು ಎಂದು ಬರೆದುಬಿಡಬಹುದು. ಆದರೆ ಬಾಗಿಲು ಹಾರುಹೊಡೆದಿದೆ, ಅಂಗಳ ಈಗಷ್ಟೇ ಗುಡಿಸಿದಂತಿದೆ.

ಒಲೆಬಿಲೆ ತಂತಿಬೇಲಿಯ ಹೊರಗೆ ಫಾರಂಗಳ ಕಟ್ಟನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸುತ್ತ ನಿಂತಿದ್ದ. ಯೂನಿವರ್ಸಿಟಿ ಹಾಸ್ಟೆಲಿನಲ್ಲಿ ಅವನೂ ಬಕಾಂಗನೂ ಒಂದೇ ಕೋಣೆ. ಈಸ್ಟರ್‌ಗೆ ಮೊದಲೇ ಬಕಾಂಗ್ ಓದು ಬಿಟ್ಟು ಹೊರಟುಹೋಗಿದ್ದ. ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ. ಮನೆಯವರಿಗೆ ಇದು ತಿಳಿದಿದೆಯೋ ಇಲ್ಲವೋ? ತಿಳಿದಿರದಿದ್ದರೆ ಹೇಳಬೇಕಾದವನು ತಾನೇ.

"ಯಾರದು? ಒಲೆಬಿಲೆ ಅಲ್ವೇನೋ? ಬೇಲಿಗೆ ಇನ್ನೊಂದು ಗೂಟ ನೆಟ್ಟ ಹಾಗೆ ನಿಂತಿದೀಯಲ್ಲ, ಬಾ ಒಳಗೆ!"

ಹೆಬ್ಬೇವಿನ ನೆರಳಲ್ಲಿ ಕೂತಿದ್ದ ಬಕಾಂಗ್‌ನ ಅಪ್ಪ ಮೊತ್ಸುಮಿ ಕೂಗಿದರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ.

"ಹೇಗೆ ಎದ್ರಿ ದೊಡ್ಡಪ್ಪ?"

"ಚೆನ್ನಾಗಿ ಎದ್ವಿ ಮಗಾ. ನೀನು?"

"ಚೆನ್ನಾಗಿ ಎದ್ದೆ."

ಇನ್ನು ಕೂರಬೇಕು, ನೀರು ಬರಬೇಕು, ಕುಡಿದ ಲೋಟ ಕೆಳಗಿಡಬೇಕು. ಆಮೇಲೆ ಹಿರಿಯರು ಸುದ್ದಿ ಕೇಳುತ್ತಾರೆ. ಸಾವಾಗಲಿ, ಜಗಳವಾಗಲಿ, ನಿಜವಾದ ಮಾತು ಹೊರಬರುವುದು ಆಗಲೇ. ಅಲ್ಲಿಯವರೆಗೆ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಇದೆಲ್ಲ ಒಲೆಬಿಲೆಗೆ ಎದೆಹಾಲಿನೊಂದಿಗೆ ಬಂದದ್ದು. ಆದರೂ ಬಕಾಂಗ್‌ನ ಅಮ್ಮ, ಅವನ ಬಾಯಲ್ಲಿ ದೊಡ್ಡಮ್ಮ, ನೀರು ತರಲು ಒಳಗೆ ಹೋದದ್ದೇ ತಡ, ಅವನು ಫಾರಂ ಬಿಚ್ಚಿದ. ಸುದ್ದಿಯ ಸರದಿ ಬರುವ ಮೊದಲೇ ಕೆಲಸ ಮುಗಿಸಿ ಎದ್ದುಬಿಡಬೇಕು.

"ಯೂನಿವರ್ಸಿಟಿಯಿಂದ ದೊಡ್ಡಪ್ಪ. ಜನ ಎಷ್ಟು ನೆಮ್ಮದಿಯಾಗಿದಾರೆ ಅಂತ ಕೇಳ್ತಿದೀವಿ."

"ಮೊದ್ಲು ದನ ಎಣಿಸೋಕೆ ಬರ್ತಿದ್ರು. ಈಗ ನೆಮ್ಮದಿ ಎಣಿಸೋಕೆ ಬಂದ್ರೇನೋ?"

"ಒಂದರಿಂದ ಐದರೊಳಗೆ ಹೇಳಿದ್ರೆ ಸಾಕು. ನಿಮ್ಮ ಬದುಕು ನಿಮಗೆ ತೃಪ್ತಿ ತಂದಿದೆಯಾ?"

"ಐದು."

"ಮುಂದಿನ ದಿನಗಳ ಬಗ್ಗೆ ಭರವಸೆ?"

"ಐದು."

"ಮನಸ್ಸಿಗೆ…"

"ಅದಕ್ಕೂ ಐದು ಹಾಕು."

"ಪ್ರಶ್ನೆನಾದ್ರೂ ಪೂರ್ತಿ ಕೇಳಿಸ್ಕೊಳ್ರಿ!" ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತ ದೊಡ್ಡಮ್ಮ ಗದರಿದರು.

"ಮನೆಗೆ ಬಂದ ಹುಡುಗನ ಎದುರು ಮೂರು ಅಂತೀನಾ? ಇವರಿಗೆ ಊಟ ಹಾಕೋ ಗತಿನೂ ಇಲ್ಲ ಅಂದ್ಕೊಳ್ಳಲ್ವೇನೇ?"

ಒಲೆಬಿಲೆ ನಕ್ಕ. ಹಾಸ್ಟೆಲಿನಲ್ಲಿ ಇದೇ ಪ್ರಶ್ನೆಗಳನ್ನು ಬಕಾಂಗ್‌ಗೂ ಕೇಳಿದ್ದ. ಅವನೂ ಹೀಗೇ ತಮಾಷೆ ಮಾಡುತ್ತ ಎಲ್ಲಕ್ಕೂ ಐದು ಎಂದು, ಗೋಡೆಯ ಕಡೆ ಮಗ್ಗುಲಾಗಿದ್ದ. ಒಲೆಬಿಲೆ ಅದನ್ನು ಹಾಗೆಯೇ ಕಂಪ್ಯೂಟರಿಗೆ ಹಾಕಿದ್ದ.

ಕೊನೆಯ ಪ್ರಶ್ನೆಯೂ ಮುಗಿಯಿತು. ಪೆನ್ನು ಜೇಬಿಗೆ ಸೇರಿಸಿ ಏಳಲು ಹೊರಟವನ ಕೈಗೆ ದೊಡ್ಡಮ್ಮ ನೀರು ಕೊಟ್ಟರು. ಕುಡಿಯದೆ ಏಳುವಂತಿಲ್ಲ. ಕುಡಿದ. ಲೋಟ ಕೆಳಗಿಟ್ಟ. ಮೊತ್ಸುಮಿ ತಮ್ಮ ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡರು.

"ಸರಿ. ನೀನು ಕೇಳೋದು ಮುಗೀತು. ಈಗ ಸುದ್ದಿ ಮಾತಾಡೋಣ." ಅವರ ದನಿಯೇ ಬೇರೆಯಾಗಿತ್ತು. "ಈ ಮನೇಲಿ ನಿದ್ದೆ ಅನ್ನೋದೇ ಇಲ್ಲ ಮಗಾ. ಬಕಾಂಗ್ ಫೋನ್ ಎತ್ತಲ್ಲ. ಇವಳು ನಡುರಾತ್ರಿ ಎದ್ದು ಹೋಗಿ ಗೇಟಿನ ಹತ್ರ ನಿಲ್ತಾಳೆ. ನಾನು ನಿದ್ದೆ ಬಂದವನ ಹಾಗೆ ಬಿದ್ಕೊಂಡಿರ್ತೀನಿ. ಒಂದೊಂದು ಸಲ ಎದೆ ಹಿಡಿದಂಗಾಗುತ್ತೆ. ಇವಳಿಗೆ ಹೇಳಿಲ್ಲ."

"ಈಗ ಹೇಳಿದ್ರಲ್ಲ," ಎಂದರು ದೊಡ್ಡಮ್ಮ.

ಒಲೆಬಿಲೆಯ ಕೈ ಜೇಬಿನ ಪೆನ್ನಿನವರೆಗೆ ಹೋಗಿ ಹಿಂದಕ್ಕೆ ಬಂತು.

"ಒಂದೇ ಕೋಣೇಲಿ ಇರೋರು ನೀವು. ಹೇಳು, ಹೇಗಿದಾನೆ ನನ್ನ ಮಗ?"

ದೊಡ್ಡಮ್ಮ ಸೆರಗಿನಂತೆ ಹೊದ್ದಿದ್ದ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತ ಅವನ ಬಾಯನ್ನೇ ನೋಡುತ್ತಿದ್ದರು. ಹೇಳಿಬಿಡಬೇಕು. ಈಗಲೇ.

"ಚೆನ್ನಾಗಿದಾನೆ ದೊಡ್ಡಪ್ಪ. ಪರೀಕ್ಷೆ ಹತ್ರ ಬಂತಲ್ಲ, ಓದ್ತಾ ಕೂತ್ರೆ ಫೋನ್ ಎಲ್ಲಿದೆ ಅಂತಾನೇ ಗೊತ್ತಿರಲ್ಲ."

"ನೋಡಿದ್ರಾ! ನಾನು ಬಡ್ಕೊಂಡೆ, ಓದೋ ಹುಡುಗನಿಗೆ ಪದೇ ಪದೇ ಫೋನ್ ಮಾಡಿ ಕಾಟ ಕೊಡ್ಬೇಡಿ ಅಂತ!" ದೊಡ್ಡಮ್ಮ ಅಳುತ್ತಲೇ ನಗುತ್ತ ಕೋಳಿ ಹಿಡಿಯಲು ಹಿತ್ತಲಿಗೆ ಓಡಿದರು.

ಮೊತ್ಸುಮಿ ಏಳಲಿಲ್ಲ. ಅವನ ಮುಖವನ್ನು ಬಹಳ ಹೊತ್ತು ನೋಡಿದರು.

"ಚೆನ್ನಾಗಿದಾನೆ," ಎಂದರು, ಬೆಳಗಿನ ಕುಶಲಕ್ಕೆ ಉತ್ತರ ಕೊಡುವವರ ಹಾಗೆ.

ಒಲೆಬಿಲೆ ಊಟ ಮಾಡಿದ. ಕೋಳಿಸಾರು, ಜೋಳದ ಹುಳಿಮುದ್ದೆ. ಎರಡನೆಯ ಸಲವೂ ಬಡಿಸಿದರು, ತಿಂದ. ದೊಡ್ಡಮ್ಮ ರಸ್ತೆಯವರೆಗೂ ಜೊತೆಗೆ ಬಂದರು. ಮಗನ ಬಟ್ಟೆ ಯಾರು ಒಗೆಯುತ್ತಾರೆ, ಕೆಮ್ಮು ವಾಸಿಯಾಯಿತೇ ಎಂದೆಲ್ಲ ಕೇಳಿದರು. ಅವನು ಎಲ್ಲಕ್ಕೂ ಉತ್ತರ ಕೊಟ್ಟ.

ಹೊರಟ ದಿನ ಬಕಾಂಗ್ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಸುಮಾರು ಹೊತ್ತು ನಿಂತಿದ್ದ. ಹಾಸಿಗೆಯಲ್ಲಿ ಮಲಗಿದ್ದ ತಾನು ಎಚ್ಚರವಾಗಿದ್ದೂ ಎಲ್ಲಿಗೆ ಎಂದು ಕೇಳಲಿಲ್ಲ ಎಂಬುದನ್ನು ಒಲೆಬಿಲೆ ಅವರಿಗೆ ಹೇಳಲಿಲ್ಲ, ಬೇರೆ ಯಾರಿಗೂ ಹೇಳಲಿಲ್ಲ.